ಒಂದು ಗಡ್ಡೆ ಸಿಕ್ಕಿತೆಂದು ನಿಲ್ಲಬೇಡ

ಪ್ರೀತಿಯ ಪುಟ್ಟಿ,

ಒಂದೇ ಮೇದೋಜೀರಕ ಗ್ರಂಥಿಯಲ್ಲಿ, ಅಂದರೆ ಪ್ಯಾಂಕ್ರಿಯಾಸ್‌ನಲ್ಲಿ ಒಂದು ಸಾದಾ ಗಡ್ಡೆ, ಇನ್ನೊಂದು ಕ್ಯಾನ್ಸರ್ ಗಡ್ಡೆ, ಹೀಗೂ ಇರುತ್ತಾ ಅಂತ ಕೇಳಿದ್ದೀಯ. ಅಪರೂಪ, ಆದರೆ ಇರುತ್ತದೆ. ನಾನೇ ಒಮ್ಮೆ ಮೋಸ ಹೋಗಿದ್ದೇನೆ.

ಒಬ್ಬರ ಸಿ.ಟಿ. ಸ್ಕ್ಯಾನಿನಲ್ಲಿ ಪ್ಯಾಂಕ್ರಿಯಾಸಿನ ಬಾಲದ ಕಡೆ (ಅದರ ಎಡತುದಿ; ಬಲತುದಿಗೆ ತಲೆ ಅನ್ನುತ್ತೇವೆ) ಜೇನುಗೂಡಿನಂಥ ಗಡ್ಡೆ. ಪುಟ್ಟ ಪುಟ್ಟ ನೀರಿನ ಗೂಡುಗಳು, ನಡುವೆ ನಕ್ಷತ್ರದ ಹಾಗೆ ಒಂದು ಕಲೆ. ಸೀರಸ್ ಸಿಸ್ಟಡೆನೋಮ, ಅಂದರೆ ತಿಳಿನೀರು ತುಂಬಿದ ಸಾದಾ ಸಿಸ್ಟು, ಪಾಠದಲ್ಲಿ ಓದಿದ ಹಾಗೇ! ಅದು ಕ್ಯಾನ್ಸರ್ ಆಗುವುದು ತೀರಾ ಅಪರೂಪ. ಖುಷಿಯಲ್ಲಿ ರಿಪೋರ್ಟ್ ಬರೆದು ಎದ್ದುಬಿಟ್ಟೆ. ಪ್ಯಾಂಕ್ರಿಯಾಸಿನ ರಸ ಹರಿಯುವ ನಾಳ ಮಾತ್ರ ಕೊಂಚ ಉಬ್ಬಿಕೊಂಡು ಬಂದು, ತಲೆಯ ಹತ್ತಿರ ಥಟ್ಟನೆ ನಿಂತುಹೋಗಿತ್ತು. ಬಾಲದಲ್ಲಿರುವ ಸಿಸ್ಟು ತಲೆಯ ಹತ್ತಿರ ನಾಳ ಮುಚ್ಚುತ್ತದಾ? ಆ ಪ್ರಶ್ನೆಯೇ ಹೊಳೆಯಲಿಲ್ಲ. ಮಾರನೇ ದಿನ ಸರ್ಜನ್ ಒಬ್ಬರು ನಾಳ ನಿಂತ ಆ ಜಾಗಕ್ಕೆ ಬೆರಳಿಟ್ಟು, ಕ್ಯಾನ್ಸರ್ ಇಲ್ಲಿ ಅಡಗಿದೆ ಎಂದು ತೋರಿಸಿದಾಗ ಮುಖ ಎತ್ತಲಾಗಲಿಲ್ಲ.

ಪ್ಯಾಂಕ್ರಿಯಾಸ್ ಕ್ಯಾನ್ಸರ್ ಸ್ಕ್ಯಾನಿನಲ್ಲಿ ಕೆಲವು ಸಲ ಸುತ್ತಲಿನ ಮಾಂಸದ ಬಣ್ಣದಲ್ಲೇ ಬೆರೆತಿರುತ್ತದೆ. ಗಡ್ಡೆ ಕಾಣದಿದ್ದರೂ ನಾಳ ಸುಳಿವು ಕೊಡುತ್ತದೆ. ಅನುಮಾನವಿದ್ದರೆ ಎಂ.ಆರ್.ಸಿ.ಪಿ. (ನಾಳಗಳನ್ನು ತೋರಿಸುವ ಎಂ.ಆರ್.ಐ. ಸ್ಕ್ಯಾನ್), ಆಮೇಲೆ ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ (ಬಾಯಿಯಿಂದ ಕೊಳವೆ ಇಳಿಸಿ ಒಳಗಿಂದಲೇ ನೋಡುವುದು). ಪರೀಕ್ಷೆಗೆ ಮಾದರಿ ತೆಗೆಯಲು ಸೂಜಿ ಹಾಕುವಾಗ ಜಾಗ ನೋಡಿಕೊಳ್ಳಬೇಕು. ಸಿಸ್ಟಿನ ನೀರು ಸಾಧುವಾಗಿ ಬಂದರೆ ಅದು ಸಿಸ್ಟಿನ ಮಾತು ಅಷ್ಟೇ, ಪಕ್ಕದ ಗಡ್ಡೆಗೆ ಜಾಮೀನಲ್ಲ. ಸಿಎ 19-9 ಅನ್ನುವ ರಕ್ತಪರೀಕ್ಷೆಯ ಕ್ಯಾನ್ಸರ್ ಸೂಚಕವನ್ನು ಜಾಸ್ತಿ ನಂಬಬೇಡ. ಕಾಮಾಲೆ ಇದ್ದರೆ ಸುಮ್ನೆ ಏರುತ್ತದೆ, ಕೆಲವರ ಮೈಯಲ್ಲಿ ಅದು ತಯಾರಾಗುವುದೇ ಇಲ್ಲ.

ಇನ್ನು ಚಿಕಿತ್ಸೆ. ಯಜಮಾನಿಕೆ ಕ್ಯಾನ್ಸರಿನದು. ತಲೆಯಲ್ಲಿದ್ದು, ಹರಡದೆ, ರಕ್ತನಾಳಗಳನ್ನು ಬಿಡಿಸಿಕೊಳ್ಳಲು ಆಗುವಂತಿದ್ದರೆ ವಿಪ್ಪಲ್ ಆಪರೇಷನ್ (ಪ್ಯಾಂಕ್ರಿಯಾಸಿನ ತಲೆಯನ್ನು ಪಕ್ಕದ ಕರುಳಿನ ಭಾಗದ ಜೊತೆ ತೆಗೆಯುವುದು), ಜೊತೆಗೆ ಕೀಮೋ. ತೊಂದರೆ ಕೊಡದ ಸೀರಸ್ ಸಿಸ್ಟನ್ನು ಬಿಟ್ಟುಬಿಡಬಹುದು. ಹೇಗೂ ಹೊಟ್ಟೆ ತೆರೆದಿದ್ದೇವೆ, ಅದನ್ನೂ ತೆಗೆದುಬಿಡೋಣ ಅನ್ನುವವರಿದ್ದಾರೆ. ನನಗದು ಹಿಡಿಸುವುದಿಲ್ಲ. ತಲೆಯೂ ಹೋಗಿ ಬಾಲವೂ ಹೋದರೆ ಉಳಿಯುವುದೇನು? ಪೂರ್ತಿ ತೆಗೆದರಂತೂ ಜೀವಮಾನವಿಡೀ ಇನ್ಸುಲಿನ್, ಪ್ರತಿ ಊಟಕ್ಕೂ ಎನ್‌ಜೈಮ್ ಗುಳಿಗೆ. ಆದರೆ ಸಿಸ್ಟು ಲೋಳೆಯದಾಗಿದ್ದರೆ ಲೆಕ್ಕ ಬೇರೆ. ಅದು ಮುಂದೆ ಕ್ಯಾನ್ಸರ್ ಆಗಬಹುದು, ಕೂತು ಯೋಚಿಸಬೇಕು.

ಇದರ ಉಲ್ಟಾ ತಪ್ಪೂ ಇದೆ, ಅಲ್ವಾ? ಎರಡನೇ ಗಡ್ಡೆ ಕಂಡ ಕೂಡಲೇ ಹರಡಿದೆ ಅಂದುಬಿಟ್ಟರೆ, ಆಪರೇಷನ್ ಆಗಬಹುದಾದವರಿಗೆ ಬಾಗಿಲು ಮುಚ್ಚಿದ ಹಾಗೆ. ಹರಡಿದೆ ಅನ್ನುವ ಮೊದಲು ಆ ಎರಡನೆಯದು ಏನೆಂದು ಖಚಿತ ಮಾಡಿಕೊ.

ನಾಳೆ ನಿನ್ನ ರೋಗಿಯ ಸ್ಕ್ಯಾನ್ ಮತ್ತೆ ತೆಗೆ. ಕಣ್ಣು ಸೆಳೆಯುವ ಆ ಸಿಸ್ಟನ್ನು ಅಂಗೈಯಲ್ಲಿ ಮುಚ್ಚಿಕೊಂಡು ಉಳಿದದ್ದನ್ನು ಮೊದಲಿಂದ ನೋಡು. ನಾನು ಈಗಲೂ ಹಾಗೇ ಮಾಡುವುದು.

ನಿನ್ನ
ಚಿಕ್ಕಮ್ಮ