ಮಗಳಿಗೊಂದು ಪತ್ರ: ಮುಗಿಸಿಲ್ಲ ಅಂತ ಸುಮ್ಮನಿರಬೇಡ

ಶಿವಮೊಗ್ಗ

ಪ್ರೀತಿಯ ಪುಟ್ಟಿ,

ನಿನ್ನ ಮೆಸೇಜು ಓದಿ ನಗು ಬಂತು, ಸ್ವಲ್ಪ ಸಿಟ್ಟೂ ಬಂತು. ಪುಣೆಯ ನಿಮ್ಮ ಕನ್ನಡದ ಗೆಳತಿಯರೆಲ್ಲ ಸೇರಿ ಯಾರು ಏನು ಓದುತ್ತಿದ್ದೀರಿ ಅಂತ ಮಾತಾಡುವಾಗ ನೀನು ಮಾತ್ರ ಬಾಯಿ ಬಿಡಲಿಲ್ಲವಂತೆ. 'ಮಲೆಗಳಲ್ಲಿ ಮದುಮಗಳು' ಇನ್ನೂ ಅರ್ಧದಲ್ಲಿದೆ, ಮುಗಿಸದೆ ಏನು ಹೇಳೋದು, ಅದೂ ಕುವೆಂಪು ಬಗ್ಗೆ ಅಂತ ನಿನ್ನ ವಾದ. ಆಮೇಲೆ ನನಗೊಬ್ಬಳಿಗೆ ಗುಟ್ಟಾಗಿ, "ತುಂಬಾ ನಿಧಾನ ಅಮ್ಮ, ಹೆಸರುಗಳೇ ನೆನಪಿರಲ್ಲ, ಬೋರಾಗ್ತಿದೆ" ಅಂತ ಬೇರೆ ಬರೆದಿದ್ದೀಯ.

ಇದನ್ನೇ ಅಲ್ಲಿ ಹೇಳಬಹುದಿತ್ತಲ್ಲೇ!

ಪುಸ್ತಕ ಮುಗಿಸಿದ ಮೇಲೆ ಎಲ್ಲರೂ ಬೆನ್ನುಡಿ ಬರೆದವರ ಹಾಗೆ ಮಾತಾಡುತ್ತಾರೆ. ಮಹಾನ್ ಕೃತಿ, ಅದ್ಭುತ ಚಿತ್ರಣ, ಓದಲೇಬೇಕು. ಕೇಳಿ ಕೇಳಿ ಸಾಕಾಗಿದೆ ನನಗೆ. ಓದುತ್ತಾ ಇರುವವರ ಮಾತು ಹಾಗಿರುವುದಿಲ್ಲ. ಅವರಿಗೆ ಮುಂದೇನು ಅಂತ ಗೊತ್ತಿಲ್ಲ. ಒಬ್ಬನ ಮೇಲೆ ಅನುಮಾನ, ಇನ್ನೊಬ್ಬಳ ಬಗ್ಗೆ ಚಿಂತೆ, ಲೇಖಕರ ಮೇಲೆ ಸಿಟ್ಟು. ಆ ಮಾತು ಕೇಳುವುದಕ್ಕೆ ನನಗೆ ಇಷ್ಟ.

ನಿಧಾನ ಅಂದೆಯಲ್ಲ, ಅದಕ್ಕೆ ಬರುತ್ತೇನೆ. ಹೌದು, ನಿಧಾನವೇ. ಅದು 1967ರಲ್ಲಿ ಬಂದ ಕಾದಂಬರಿ. ಅವರ 'ಕಾನೂರು ಹೆಗ್ಗಡಿತಿ' ಬಂದು ಆಗಲೇ ಮೂವತ್ತು ವರ್ಷ ದಾಟಿತ್ತು. ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರೂ ಅಲ್ಲ ಅಂತ ಶುರುವಿನಲ್ಲೇ ಬರೆದುಬಿಟ್ಟಿದ್ದಾರೆ. ನೀನು ಒಬ್ಬ ಹೀರೋ ಹುಡುಕಿಕೊಂಡು ಹೋಗುತ್ತಿದ್ದೀಯ ಅನ್ನಿಸುತ್ತೆ. ಅಲ್ಲಿ ಗುತ್ತಿ ಬರುತ್ತಾನೆ, ಹುಲಿಯ ಅನ್ನೋ ಅವನ ನಾಯಿ ಬರುತ್ತೆ. ಇವನದೇ ಕಥೆ ಅಂದುಕೊಳ್ಳುವಷ್ಟರಲ್ಲಿ ಹಳೆಮನೆ ಸುಬ್ಬಣ್ಣ ಹೆಗ್ಗಡೆಯ ಹಂದಿ ಒಡ್ಡಿಯ ಹತ್ತಿರ ನಿಂತಿರುತ್ತೇವೆ. ನಾಯಿಗೂ ಹೆಗ್ಗಡೆಗೂ ಲೇಖಕರು ಕೊಡುವ ಗಮನ ಒಂದೇ.

ನಾನೊಂದು ಉಪಾಯ ಹೇಳಲಾ? ಜನರ ಹೆಸರು ನೆನಪಿಟ್ಟುಕೊಳ್ಳುವುದಕ್ಕೆ ಹೋಗಬೇಡ. ಊರು, ಮನೆಗಳ ಹೆಸರು ಬರೆದುಕೋ. ಹಳೆಮನೆ, ಕೋಣೂರು, ಬೆಟ್ಟಳ್ಳಿ, ಹೂವಳ್ಳಿ, ಸಿಂಬಾವಿ, ಮೇಗರವಳ್ಳಿ. ಒಂದೊಂದರ ಕೆಳಗೆ ಅಲ್ಲಿಯವರನ್ನು ಸೇರಿಸುತ್ತಾ ಹೋಗು. ಹೂವಳ್ಳಿ ಅಂದರೆ ಚಿನ್ನಮ್ಮ, ಕೋಣೂರು ಅಂದರೆ ಮುಕುಂದಯ್ಯ, ಮೇಗರವಳ್ಳಿ ಅಂದರೆ ಅಂತಕ್ಕ ಮತ್ತು ಕಾವೇರಿ. ನಮ್ಮ ಕಡೆ ಈಗಲೂ ಹಾಗೇ ಅಲ್ವಾ? ಯಾವ ಮನೆಯವರು ಅಂತ ಕೇಳಿದ ಮೇಲೇ ಮುಂದಿನ ಮಾತು.

ಇನ್ನೊಂದು ವಿಷಯ. ನಿನಗೆ ಬೋರಾಗುವ ಕೆಲವು ಪುಟಗಳಲ್ಲಿ ನನಗೆ ನನ್ನ ಅಜ್ಜಿ ಮನೆ ಕಾಣುತ್ತೆ. ಕಂಬಳಿಕೊಪ್ಪೆ ಹಾಕಿಕೊಂಡು ಮಳೆಯಲ್ಲಿ ಹೊರಟವನನ್ನು ಓದಿದರೆ ನನಗೆ ಒದ್ದೆ ಕಂಬಳಿಯ ವಾಸನೆಯೇ ಬಂದುಬಿಡುತ್ತೆ. ತೀರ್ಥಹಳ್ಳಿಯ ಆ ಮನೆಯ ಜಗಲಿಯಲ್ಲಿ ಗೂಟಕ್ಕೆ ಮೂರ್ನಾಲ್ಕು ಕಂಬಳಿ ನೇತುಹಾಕಿರುತ್ತಿದ್ದರು. ಕೆಳಗೆ ನೀರು ತೊಟ್ಟಿಕ್ಕಿ ನೆಲವೆಲ್ಲ ಕಪ್ಪಗಾಗಿರುತ್ತಿತ್ತು. ಪಕ್ಕದಲ್ಲಿ ನಾಟಿಗೆ ಹೋಗುವ ಹೆಂಗಸರು ಮಳೆಗೆ ತಲೆ, ಬೆನ್ನಿನ ಮೇಲೆ ಹಾಕಿಕೊಳ್ಳುವ ಗೊರಬು ಒರಗಿಸಿಟ್ಟಿರುತ್ತಿದ್ದರು. ಆಷಾಢ ಮುಗಿಯುವ ತನಕ ಯಾವುದೂ ಒಣಗಿದ್ದೇ ಇಲ್ಲ. ನೀನು ಇದನ್ನೆಲ್ಲ ನೋಡಿಲ್ಲ, ನಿನಗೆ ಅದು ಬರೀ ಒಂದು ಪದ. ಹಾಗಾಗಿ ನಿಧಾನ ಅನ್ನಿಸುವುದು ನಿನ್ನ ದಡ್ಡತನ ಅಂತ ಅಂದುಕೊಳ್ಳಬೇಡ. ನನಗೆ ಸುಲಭವಾದದ್ದಕ್ಕೆ ನನ್ನ ಜಾಣತನವೂ ಕಾರಣ ಅಲ್ಲ, ಹುಟ್ಟಿದ ಊರು ಕಾರಣ.

ಪಾದ್ರಿಯ ಸೈಕಲ್ ಬರುವ ಭಾಗಕ್ಕೆ ಬಂದೆಯಾ? ಜನ ಅದನ್ನು ಬೀಸೆಕಲ್ಲು ಅನ್ನುತ್ತಾರೆ ನೋಡು, ಅಲ್ಲಿ ನಗದಿದ್ದರೆ ನನಗೆ ಹೇಳು, ಆಗ ಪುಸ್ತಕ ಮುಚ್ಚಿಡಬಹುದು. ಮೈಸೂರಿನ ರಂಗಾಯಣದವರು 2010ರಲ್ಲಿ ಈ ಕಾದಂಬರಿಯನ್ನು ರಾತ್ರಿಯಿಡೀ ನಾಟಕ ಆಡಿದ್ದರು. ಬಸವಲಿಂಗಯ್ಯ ಅವರ ನಿರ್ದೇಶನ, ಒಂಬತ್ತು ಗಂಟೆಯ ನಾಟಕ. ಜನ ಬೆಳಗಿನ ತನಕ ಕೂತು ನೋಡಿದರು. ನಿಧಾನದ ಪುಸ್ತಕಕ್ಕೆ ಅಷ್ಟೊಂದು ಜನ ನಿದ್ದೆಗೆಟ್ಟಿದ್ದಾರೆ ಅಂದರೆ ಇನ್ನೊಂದು ಐವತ್ತು ಪುಟ ಓದಿ ನೋಡಬಹುದು ಅಲ್ವಾ?

ಈಗ ನನ್ನ ಸರದಿ. ನಾನು ಬಾನು ಮುಷ್ತಾಕ್ ಅವರ ಕಥೆಗಳನ್ನು ಓದುತ್ತಿದ್ದೇನೆ. ನಮ್ಮ ಹಾಸನದವರಿಗೆ 2025ರಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಬಂದಾಗ ಟಿವಿ ಮುಂದೆ ನಾನೂ ಚಪ್ಪಾಳೆ ತಟ್ಟಿದ್ದೆ. ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ಹನ್ನೆರಡು ಕಥೆಗಳ 'ಹಾರ್ಟ್ ಲ್ಯಾಂಪ್' ನೀನು ಕೊಂಡುಕೊಂಡೆ, ನಾನು ಕನ್ನಡದಲ್ಲೇ ಓದುತ್ತೇನೆ ಅಂದೆ. ಇನ್ನೂ ಮುಗಿದಿಲ್ಲ. ಮುಗಿಯದೇ ಇದ್ದರೂ ಹೇಳುತ್ತೇನೆ ಕೇಳು.

ಒಂದು ದಿನಕ್ಕೆ ಒಂದೇ ಕಥೆ ಓದಲು ಆಗುವುದು. 'ಎದೆಯ ಹಣತೆ' ಓದಿದ ಮಧ್ಯಾಹ್ನ ಮಲಗಲೂ ಆಗಲಿಲ್ಲ. ಗಂಡ ಬೇರೆಯವಳ ಹಿಂದೆ ಹೋಗಿದ್ದಾನೆ ಅಂತ ಮೆಹರುನ್ ತವರಿಗೆ ಬರುತ್ತಾಳೆ. ಅಣ್ಣಂದಿರೇ ಅವಳನ್ನು ವಾಪಸ್ ಕರೆದುಕೊಂಡು ಹೋಗಿ ಅದೇ ಮನೆಗೆ ಬಿಟ್ಟು ಬರುತ್ತಾರೆ. ರಾತ್ರಿ ಅವಳು ಸೀಮೆಎಣ್ಣೆ ಸುರಿದುಕೊಳ್ಳುತ್ತಾಳೆ. ಕೂಸನ್ನು ಎತ್ತಿಕೊಂಡು ಓಡಿ ಬರುವ ದೊಡ್ಡ ಮಗಳು ಸಲ್ಮಾ. ಆ ಹುಡುಗಿ ಅಮ್ಮನನ್ನು ತಡೆಯುವ ಜಾಗಕ್ಕೆ ಬಂದಾಗ ಪುಸ್ತಕ ಮಡಚಿ ಅಡುಗೆಮನೆಗೆ ಹೋಗಿ ಸುಮ್ನೆ ಪಾತ್ರೆ ತೊಳೆದೆ. ತೊಳೆದಿಟ್ಟ ಪಾತ್ರೆಗಳನ್ನೇ.

ಇದು ಮುಸ್ಲಿಂ ಹೆಂಗಸರ ಬದುಕಿನ ಕಥೆ ಅಂತ ಎಲ್ಲರೂ ಹೇಳುತ್ತಾರೆ. ನಿಜ, ಆದರೆ ಅಷ್ಟಕ್ಕೇ ನಿಲ್ಲಿಸುವುದು ನನಗೆ ಸರಿ ಕಾಣಲ್ಲ. ಅದು ಅವರ ಪಾಡು, ನಮಗೇನು ಅಂತ ಆರಾಮಾಗಿ ಓದಿ ಮುಗಿಸುವುದಕ್ಕೆ ಒಂದು ದಾರಿ ಮಾಡಿಕೊಟ್ಟ ಹಾಗೆ. ಹೋದವಳು ಅಲ್ಲೇ ಇರಬೇಕು ಅನ್ನುವ ಅಣ್ಣಂದಿರು ನಮ್ಮ ಬೀದಿಯಲ್ಲಿಲ್ಲವಾ? ನಮ್ಮ ನೆಂಟರಲ್ಲೇ ಎಷ್ಟು ಜನ ಬೇಕು ಹೇಳು.

ಒಂದು ತಕರಾರೂ ಇದೆ. ಕೆಲವು ಕಡೆ ಕಥೆ ತಾನೇ ಹೇಳಿ ಮುಗಿಸಿದ್ದನ್ನು ಲೇಖಕಿ ಮತ್ತೆ ಬಿಡಿಸಿ ಹೇಳುತ್ತಾರೆ ಅನ್ನಿಸಿತು. ವಕೀಲರಲ್ವಾ, ವಾದ ಪೂರ್ತಿ ಮಾಡದೆ ಬಿಡಲ್ಲ ಅಂತ ನಿಮ್ಮಪ್ಪನ ಹತ್ತಿರ ಹೇಳಿದೆ. ಆದರೆ 'ಒಮ್ಮೆ ಹೆಣ್ಣಾಗು ಪ್ರಭುವೇ'ಯಲ್ಲಿ ಹೆಣ್ಣೊಬ್ಬಳು ನೇರವಾಗಿ ದೇವರನ್ನೇ ನಿಲ್ಲಿಸಿಕೊಂಡು ಕೇಳುತ್ತಾಳಲ್ಲ, ಅಲ್ಲಿ ಆ ವಾದವೇ ಕಥೆಯ ಬಲ. ಹಾಗಾಗಿ ನನ್ನ ತಕರಾರು ಎಷ್ಟು ದಿನ ನಿಲ್ಲುತ್ತೋ ಕಾಣೆ. ನೀನು ಇಂಗ್ಲಿಷಿನಲ್ಲಿ ಓದುವಾಗ ಹಾಗನ್ನಿಸಿತಾ? ತಿಳಿಸು. ಬಹುಮಾನ ಬಂದ ಪುಸ್ತಕ ಅಂತ ಹೆದರಿಕೊಂಡು ಹೊಗಳಬೇಡ.

ನಿಮ್ಮಪ್ಪನ ಕಥೆ ಕೇಳು. ಪೇಪರ್ ಬಿಟ್ಟು ಏನೂ ಓದದ ಮನುಷ್ಯ ನಿನ್ನ ಕಪಾಟಿನಿಂದ ತೇಜಸ್ವಿಯವರ 'ಕರ್ವಾಲೋ' ತೆಗೆದಿದ್ದಾರೆ. ಜಗುಲಿಯಲ್ಲಿ ಕೂತು ಒಬ್ಬರೇ ನಗುತ್ತಾರೆ. ಕೃಷಿ ಇಲಾಖೆಯಲ್ಲಿ ಸರ್ವೀಸ್ ಮುಗಿಸಿದವರಲ್ವಾ, ಅವರ ಓದೇ ಬೇರೆ. ಎಲ್ಲರೂ ಹಾರುವ ಓತಿ ಹಿಂದೆ ಬಿದ್ದರೆ ಇವರಿಗೆ ಮಂದಣ್ಣನ ಸರ್ಕಾರಿ ಕೆಲಸದ್ದೇ ಚಿಂತೆ. "ಪಾಪ, ಅಷ್ಟು ಜೇನಿನ ವಿಷಯ ಗೊತ್ತಿರೋನಿಗೆ ಒಂದು ಪೋಸ್ಟಿಂಗ್ ಕೊಡೋಕೆ ಏನು ಕಷ್ಟ?" ಅಂತ ಊಟದ ಹೊತ್ತಿಗೆ ನನ್ನನ್ನು ಕೇಳುತ್ತಾರೆ, ನಾನೇ ಇಲಾಖೆಯ ಡೈರೆಕ್ಟರ್ ಅನ್ನೋ ಹಾಗೆ. ಈ ಅಭಿಪ್ರಾಯ ಯಾವ ವಿಮರ್ಶೆಯಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ. ಓತಿ ಸಿಗುತ್ತಾ ಅಂತಲೂ ಕೇಳಿದರು. ನಾನು ಬಾಯಿ ಬಿಡಲಿಲ್ಲ. ನೀನೂ ಫೋನಿನಲ್ಲಿ ಹೇಳಿಬಿಡಬೇಡ.

ಹಾಗೇ ನಿನಗೂ ಚಿನ್ನಮ್ಮನ ವಿಷಯ ನಾನು ಹೇಳಲ್ಲ. ಐತನ ಹೆಂಡತಿ ಪೀಂಚಲು ಮೇಲೆ ಮಾತ್ರ ಒಂದು ಕಣ್ಣಿಟ್ಟಿರು. ಮುಂದಿನ ಸಲ ಗೆಳತಿಯರು ಸೇರಿದಾಗ ನಿಧಾನ ಅನ್ನಿಸಿದ್ದನ್ನು ಧೈರ್ಯವಾಗಿ ಹೇಳು. ಎಲ್ಲಿ ಬೋರಾಯಿತು, ಯಾರ ಮೇಲೆ ಸಿಟ್ಟು ಬಂತು ಅಂತಲೂ ಹೇಳು. "ಅಯ್ಯೋ, ನನಗೂ ಹಾಗೇ ಆಗಿತ್ತು ಕಣೇ" ಅನ್ನುವವರು ಇಬ್ಬರಾದರೂ ಸಿಗುತ್ತಾರೆ. ಯಾರಾದರೂ ಕುವೆಂಪುಗೆ ಹೀಗಂತೀಯಾ ಅಂತ ಕಣ್ಣು ಬಿಟ್ಟರೆ, ಅವರು ಎಷ್ಟನೇ ಪುಟದಲ್ಲಿದ್ದಾರೆ ಅಂತ ಮೆಲ್ಲಗೆ ಕೇಳು.

ನನಗೆ ಉತ್ತರ ಬರೆಯುವಾಗ ಒಂದು ಪ್ರಶ್ನೆಗೆ ತಪ್ಪದೆ ಬರಿ. ಗುತ್ತಿ ಇಷ್ಟವಾದನಾ, ಅವನಿಗಿಂತ ಹುಲಿಯನೇ ಜಾಸ್ತಿ ಇಷ್ಟವಾಯಿತಾ? ನಮ್ಮಿಬ್ಬರಿಗೆ ಇಲ್ಲಿ ಈ ವಿಷಯಕ್ಕೆ ಜಗಳ ನಡೆದಿದೆ. ಕಾದಂಬರಿ ಓದದೆಯೇ ನಿಮ್ಮಪ್ಪ ನಾಯಿಯ ಪಕ್ಷ.

ನಿನ್ನ
ಅಮ್ಮ