ಕಣ್ಣಿನ ತಪಾಸಣೆ ಹೋಬಳಿಯಲ್ಲೇ ಆಗಲಿ

ಮಾನ್ಯರೇ,

ಬರೀ ಕನ್ನಡಕದ ನಂಬರಿಗಾಗಿ ಭಾಗಮಂಡಲ, ಶ್ರೀಮಂಗಲದ ವೃದ್ಧರು ಜಡಿಮಳೆಯಲ್ಲಿ ಮಡಿಕೇರಿಯವರೆಗೆ ಅಲೆಯಬೇಕೇ? ಹೋಬಳಿಗೊಬ್ಬ ಆಪ್ಟೋಮೆಟ್ರಿಸ್ಟ್ (ದೃಷ್ಟಿ ಪರೀಕ್ಷಿಸಿ ಕನ್ನಡಕ ಸೂಚಿಸುವವರು) ಇದ್ದರೆ ಸಾಕು. 6 ಮೀಟರ್ ದೂರದ ಚಾರ್ಟ್ ಮಸುಕಾಗಿ ಕಂಡರೆ ಕಣ್ಣೆದುರು ಪಿನ್‌ಹೋಲ್ (ಸಣ್ಣ ತೂತಿನ ಬಿಲ್ಲೆ) ಇಟ್ಟು ಮತ್ತೆ ಓದಿಸುವುದು. ಅಕ್ಷರ ತಿಳಿಯಾದರೆ ಬಹುಮಟ್ಟಿಗೆ ಕನ್ನಡಕದ ಮಾತು. ಆಗದಿದ್ದರೆ ಪೊರೆಯೋ ರೆಟಿನಾದ ತೊಂದರೆಯೋ ಇರಬಹುದು, ವೈದ್ಯರೇ ನೋಡಬೇಕು.

ಎಡವುವುದು ಕಣ್ಣಿನ ನರ ಹಾಳಾಗುವ ಗ್ಲಾಕೋಮಾದಲ್ಲಿ. ಕಣ್ಣಿನೊಳಗಿನ ಒತ್ತಡ 21 ಎಂಎಂ ಎಚ್‌ಜಿ ದಾಟಿಲ್ಲವೆಂದು ಕೈಬಿಡಬಾರದು, ಒತ್ತಡ ಅದರೊಳಗಿದ್ದರೂ ಈ ರೋಗ ಇರಬಹುದು; ಕಣ್ಣಿನ ನರವನ್ನೂ ಪರೀಕ್ಷಿಸಲೇಬೇಕು.

ಇನ್ನು ನಮ್ಮ ತೋಟಗಳ ವಿಷಯ. ಮರಗಸಿ (ನೆರಳು ಮರದ ಕೊಂಬೆ ಕಡಿಯುವ) ವೇಳೆ ಕಡ್ಡಿ ತಗುಲಿ ಕೆಂಪಾದ ಕಣ್ಣಿಗೆ ಅಂಗಡಿಯ ಸ್ಟೀರಾಯ್ಡ್ ಹನಿ ಬಿಟ್ಟರೆ ಶಿಲೀಂಧ್ರ ಸೋಂಕು ಉಲ್ಬಣಿಸಿ ಕಪ್ಪುಗುಡ್ಡೆಯೇ ಹುಣ್ಣಾದೀತು. ಅಂಥವರನ್ನು ಅಂದೇ ಆಸ್ಪತ್ರೆಗೆ ಕಳಿಸಬೇಕು. ಕಳಿಸಿದ ಚೀಟಿಗೆ ವೈದ್ಯರ ಉತ್ತರ ಹೋಬಳಿಗೆ ಮರಳುವ ಏರ್ಪಾಡೂ ಆಗಲಿ.

– ದೃಷ್ಟಿ ಪರೀಕ್ಷಕರು, ವಿರಾಜಪೇಟೆ