‘ಬ್ಲೇಡ್ ರನ್ನರ್’ ಸಂಚಿಕೆ ಹುಡುಕುತ್ತಿರುವ ಗೆಳೆಯನಿಗೆ

ಪ್ರಿಯ ಗೆಳೆಯಾ,

‘ಬ್ಲೇಡ್ ರನ್ನರ್’ ಸಿನಿಮಾಕ್ಕೇ ಮೀಸಲಾದ ಪತ್ರಿಕೆ ಯಾವುದು, ಎಲ್ಲಿ ಸಿಗುತ್ತೆ ಅಂತ ಕೇಳಿದ್ದೀಯ. ಅದು ಸಿನಿಮಾಗಳ ಸ್ಪೆಷಲ್ ಎಫೆಕ್ಟ್ಸ್ ಬಗ್ಗೆ ಬರೆಯುತ್ತಿದ್ದ ‘ಸಿನೆಫೆಕ್ಸ್’, ಸಂಚಿಕೆ 9, ಜುಲೈ 1982. ಹೆಸರು, ಸಂಖ್ಯೆ, ತಿಂಗಳು ಮೂರನ್ನೂ ಬರೆದಿಟ್ಟುಕೋ. ಸಿನಿಮಾ ಅಮೆರಿಕದಲ್ಲಿ ತೆರೆಕಂಡಿದ್ದು ಆ ವರ್ಷದ ಜೂನ್ 25ಕ್ಕೆ. ಅದೇ ಹೊತ್ತಿಗೆ ಅದರ ಹೆಸರು ಹೊತ್ತ ಪತ್ರಿಕೆಗಳು ಇನ್ನೂ ಹಲವು ಬಂದವು. ಮಾರುವವರು ಎಲ್ಲವನ್ನೂ ವಿಶೇಷಾಂಕ ಅಂತಲೇ ಕರೆಯುತ್ತಾರೆ.

ಉದಾಹರಣೆಗೆ ‘ಸಿನೆಫೆಂಟಾಸ್ಟಿಕ್’ನ ಜುಲೈ–ಆಗಸ್ಟ್ ಜೋಡಿ ಸಂಚಿಕೆ. ಒಳ್ಳೆಯ ಸಂಚಿಕೆಯೇ. ಅದಕ್ಕೆ ಬರೆದ ಪಾಲ್ ಸ್ಯಾಮನ್ ಮುಂದೆ 1996ರಲ್ಲಿ ಈ ಸಿನಿಮಾ ಬಗ್ಗೆ ‘ಫ್ಯೂಚರ್ ನ್ವಾರ್’ ಎಂಬ ದಪ್ಪ ಪುಸ್ತಕವನ್ನೇ ತಂದರು. ಆದರೆ ಅಲ್ಲಿ ಜಾಗ ಹಂಚಿಕೊಂಡಿರುವುದು ‘ಸ್ಟಾರ್ ಟ್ರೆಕ್’ನ ಎರಡನೇ ಸಿನಿಮಾ ಜೊತೆ. ‘ಅಮೆರಿಕನ್ ಸಿನೆಮಟೋಗ್ರಾಫರ್’ನ ಜುಲೈ ಸಂಚಿಕೆ ಕ್ಯಾಮೆರಾ ಕಲಿಯುವವರಿಗೆ ಹೇಳಿ ಮಾಡಿಸಿದ್ದು, ಸಿನಿಮಾದ ಛಾಯಾಗ್ರಾಹಕ ಜೋರ್ಡನ್ ಕ್ರೋನೆನ್‌ವೆತ್ ಬೆಳಕಿನ ಕೆಲಸದ ಮೇಲೆ ಆಸಕ್ತಿಯಿದ್ದರೆ ಬಿಡಬೇಡ. ‘ಮಾರ್ವೆಲ್ ಸೂಪರ್ ಸ್ಪೆಷಲ್’ 22 ಮುಖ್ಯವಾಗಿ ಸಿನಿಮಾದ ಕಾಮಿಕ್ಸ್ ರೂಪ. ಜಾಹೀರಾತಿನ ಫೋಟೊದಲ್ಲಿ ಮುಖಪುಟ ಮಾತ್ರ ಇದ್ದರೆ ಇದನ್ನೇ ಪತ್ರಿಕೆ ಅಂದುಕೊಂಡು ದುಡ್ಡು ಕಟ್ಟುವವರು ಬೇಕಾದಷ್ಟು ಜನ.

ಸಿನೆಫೆಕ್ಸ್ 9ರ ತೂಕವೇ ಬೇರೆ. ಅದರ ಸ್ಥಾಪಕ ಡಾನ್ ಶೇ ಅವರ ಒಂದೇ ಲೇಖನ ಇಡೀ ಸಂಚಿಕೆಯನ್ನು ತುಂಬಿದೆ, ವಿಷಯವೂ ಒಂದೇ: ಸಿನಿಮಾದಲ್ಲಿ ಕಾಣುವ ಭವಿಷ್ಯದ ಲಾಸ್ ಏಂಜಲೀಸನ್ನು ಕಟ್ಟಿದ್ದು ಹೇಗೆ ಅನ್ನುವುದು. ಸಿನಿಮಾ ಶುರುವಾಗುತ್ತಲೇ ಬೆಂಕಿ ಉಗುಳುವ ಕಾರ್ಖಾನೆಗಳ ಬಯಲು ಕಾಣುತ್ತದಲ್ಲ, ಅದು ಮೇಜಿನ ಮೇಲಿನ ಮಾದರಿ. ಆಮ್ಲದಲ್ಲಿ ಕೊರೆದ ಹಿತ್ತಾಳೆ ತಗಡಿನ ಚಪ್ಪಟೆ ಆಕೃತಿಗಳನ್ನು ಸಾಲುಸಾಲಾಗಿ ನಿಲ್ಲಿಸಿ, ಹಿಂದೆ ಹೋದಂತೆ ಗಾತ್ರ ಕುಗ್ಗಿಸಿ, ನಡುವೆ ಫೈಬರ್ ಆಪ್ಟಿಕ್ ಎಳೆಗಳಿಂದ ದೀಪದ ಚುಕ್ಕಿ ಮೂಡಿಸಿದ್ದಾರೆ. ಮೇಲೆ ಹೊಗೆ. ಒಂದೇ ಶಾಟ್‌ಗೆ ಪದರ ಪದರವಾಗಿ ಚಿತ್ರ ತೆಗೆಯಲು ಕ್ಯಾಮೆರಾ ಅದೇ ದಾರಿಯಲ್ಲಿ ಮತ್ತೆ ಮತ್ತೆ ಓಡಬೇಕು, ಪ್ರತಿ ಓಟದಲ್ಲೂ ಹೊಗೆ ಅಷ್ಟೇ ದಟ್ಟವಾಗಿರಬೇಕು. ಸ್ವಲ್ಪ ಹೆಚ್ಚುಕಮ್ಮಿಯಾದರೂ ಪದರಗಳು ಕೂಡುವುದಿಲ್ಲ. ಸ್ಪೆಷಲ್ ಎಫೆಕ್ಟ್ಸ್ ನೋಡಿಕೊಂಡ ಡಗ್ಲಸ್ ಟ್ರಂಬುಲ್ ತಂಡ ಇಂಥ ಶಾಟ್‌ಗಳನ್ನು 65 ಮಿ.ಮೀ. ಫಿಲ್ಮಿನಲ್ಲಿ ತೆಗೆದದ್ದೂ ಲೆಕ್ಕಾಚಾರದಿಂದಲೇ. ಪ್ರತಿಯ ಮೇಲೆ ಪ್ರತಿ ಮಾಡಿದರೆ ಚಿತ್ರ ಮಸುಕಾಗುತ್ತದೆ. ಮೂಲ ದೊಡ್ಡದಿದ್ದರೆ 35 ಮಿ.ಮೀ.ಗೆ ಇಳಿಸಿದಾಗ ಆ ನಷ್ಟ ಕಣ್ಣಿಗೆ ಬೀಳುವುದಿಲ್ಲ.

ಕಥಾನಾಯಕ ಡೆಕರ್ಡ್ ಮನುಷ್ಯನೋ ಕೃತಕ ಮಾನವನೋ ಅನ್ನುವ ಚರ್ಚೆಗಾಗಿ ಇದನ್ನು ಕೊಳ್ಳಬೇಡ. ಆ ಚರ್ಚೆಗೆ ಕಾವು ಕೊಟ್ಟ ಯುನಿಕಾರ್ನ್ (ಒಂಟಿಕೊಂಬಿನ ಕುದುರೆ) ಕನಸು ಸಿನಿಮಾದೊಳಗೆ ಬಂದದ್ದೇ 1992ರ ನಿರ್ದೇಶಕರ ಆವೃತ್ತಿಯಲ್ಲಿ.

ಇನ್ನು ಹುಡುಕುವ ದಾರಿ. ಚರ್ಚ್ ಸ್ಟ್ರೀಟ್‌ನ ಹಳೇ ಪುಸ್ತಕದಂಗಡಿಗಳನ್ನು ನೆಚ್ಚಿಕೊಂಡು ಕೂರಬೇಡ, ಇಬೇ ಜಾಲತಾಣ ನೋಡು. ‘ಬ್ಲೇಡ್ ರನ್ನರ್’ ಎರಡು ಪದವಾಗಿಯೂ ಹುಡುಕು, ಕೂಡಿಸಿ ಒಂದೇ ಪದವಾಗಿಯೂ ಹುಡುಕು. ಸಿನೆಫೆಕ್ಸ್ ಹೆಸರನ್ನು ತಪ್ಪು ಕಾಗುಣಿತದಲ್ಲೂ ಹಾಕಿ ನೋಡು. ಎಲ್ಲಕ್ಕಿಂತ ಮುಖ್ಯ, ಸಿನಿಮಾ ಹೆಸರು ಬಿಟ್ಟು ‘ಸಿನೆಫೆಕ್ಸ್ ಲಾಟ್’ ಅಂತ ಹುಡುಕು. ಕಟ್ಟುಗಟ್ಟಲೆ ಮಾರುವವರು ಒಳಗೇನಿದೆ ಅಂತ ಬರೆಯುವುದಿಲ್ಲ, ‘1ರಿಂದ 20’ ಅಂತಷ್ಟೇ ಹಾಕಿರುತ್ತಾರೆ. ಬಿಡಿ ಪ್ರತಿಗಿಂತ ಅಗ್ಗವಾಗುವುದು ಅಲ್ಲೇ. ಬೆಲೆ ಸರಿಯೋ ಅಂತ ತಿಳಿಯಲು ಕೇಳುತ್ತಿರುವ ದರ ನೋಡಬೇಡ, ಮಾರಾಟವಾಗಿ ಹೋದವುಗಳ ಪಟ್ಟಿ ನೋಡು.

ದುಡ್ಡು ಕಟ್ಟುವ ಮುಂಚೆ ಮುಂದಿನ ರಟ್ಟು, ಹಿಂದಿನ ರಟ್ಟು, ಬೆನ್ನು, ನಡುವಿನ ಹಾಳೆ ಇಷ್ಟರ ಫೋಟೊ ಕೇಳು. ಪುಟಗಳೆಲ್ಲ ಬಿಡಿಬಿಡಿಯಾಗಿ ತೆರೆಯುತ್ತವಾ ಅಂತ ಖಚಿತವಾಗಿ ಕೇಳು. ನುಣುಪು ಕಾಗದದ ಮೇಲಿನ ಲೇಪ ಒದ್ದೆಯಾದರೆ ಅಂಟಾಗುತ್ತದೆ, ಒಣಗಿದ ಮೇಲೆ ಪುಟಕ್ಕೆ ಪುಟ ಕಚ್ಚಿಕೊಂಡು ಬಿಡುತ್ತದೆ. ಬಿಡಿಸಲು ಹೋದರೆ ಚಿತ್ರವೇ ಕಿತ್ತು ಬರುತ್ತದೆ. ಮುಖಪುಟ ಎಷ್ಟೇ ಫಳಫಳ ಹೊಳೆಯಲಿ, ಅಂಚು ಅಲೆಅಲೆಯಾಗಿದ್ದರೆ ಬಿಟ್ಟುಬಿಡು. ಲೈಬ್ರರಿಯಿಂದ ಹೊರಬಿದ್ದ ಪ್ರತಿಯಾದರೆ ಬೈಂಡಿಂಗ್‌ಗಾಗಿ ಅಂಚು ಕತ್ತರಿಸಿದ್ದಾರಾ ಅಂತಲೂ ವಿಚಾರಿಸು.

ಪುಸ್ತಕ ಮುಂತಾದವಕ್ಕಿರುವ ಅಮೆರಿಕದ ಅಗ್ಗದ ‘ಮೀಡಿಯಾ ಮೇಲ್’ ಅಂಚೆ ದೇಶದೊಳಗಷ್ಟೇ, ಅದೂ ಜಾಹೀರಾತು ಇರುವ ಪತ್ರಿಕೆಗೆ ಅನ್ವಯಿಸುವುದಿಲ್ಲ. ಹಾಗಾಗಿ ಅಂಚೆ ಖರ್ಚು ಪತ್ರಿಕೆಯ ಬೆಲೆಯನ್ನೇ ಮೀರಬಹುದು. ಅಲ್ಲಿರುವ ನೆಂಟರ ಮನೆಗೆ ತರಿಸಿ, ಊರಿಗೆ ಬರುವವರ ಸೂಟ್‌ಕೇಸಿಗೆ ಹಾಕಿಸುವ ನಮ್ಮವರ ಹಳೇ ಉಪಾಯವೇ ವಾಸಿ. ನೇರ ಅಂಚೆಯಾದರೆ ಪ್ಲಾಸ್ಟಿಕ್ ಕವರಿನೊಳಗೆ ಹಾಕಿ, ಎರಡೂ ಬದಿಗೆ ಸಂಚಿಕೆಗಿಂತ ಅರ್ಧ ಇಂಚು ದೊಡ್ಡದಾದ ರಟ್ಟು ಇಡಲು ಹೇಳು. ಎರಡು ರಟ್ಟಿನೊಳಗಿನ ಅಲೆಗೆರೆಗಳೂ ಒಂದಕ್ಕೊಂದು ಅಡ್ಡ ಇರಬೇಕು. ಒಂದೇ ದಿಕ್ಕಿಗಿದ್ದರೆ ಅಲ್ಲೇ ಮಡಚಿಕೊಳ್ಳುತ್ತದೆ.

ಕೈಗೆ ಬಂದ ಮೇಲೆ ಪಿವಿಸಿ ಕವರ್ ಬೇಡ, ಪಾಲಿಪ್ರೊಪಿಲೀನ್ ಇರಲಿ. ಈ ಪತ್ರಿಕೆ ಮಾಮೂಲಿ ಅಳತೆಯದಲ್ಲ, ಹೆಚ್ಚುಕಡಿಮೆ ಚೌಕ. ಸಾಮಾನ್ಯ ಪತ್ರಿಕೆಯ ಕವರಿನೊಳಗೆ ಜಾರಾಡಿ ಮೂಲೆ ಮಡಚುತ್ತದೆ. ಆಮ್ಲರಹಿತ ರಟ್ಟೊಂದನ್ನು ಕವರಿನ ಅಳತೆಗೆ ಕತ್ತರಿಸಿ ಹಿಂದೆ ಇಟ್ಟು, ಉಳಿದ ಕವರನ್ನು ಹಿಂದಕ್ಕೆ ಮಡಚು. ಹರಿದ ಕಡೆ ಸೆಲೋಟೇಪ್ ಮಾತ್ರ ಮುಟ್ಟಿಸಬೇಡ ಮಾರಾಯ, ಹಳದಿ ಕಲೆ ಜನ್ಮಕ್ಕೂ ಹೋಗುವುದಿಲ್ಲ.

ಓದಿದರೆ ಸಾಕು ಅನ್ನುವುದಾದರೆ ಇಷ್ಟು ಪಾಡು ಬೇಕಿಲ್ಲ. ಇದೇ ಸಂಚಿಕೆಯನ್ನು ಟೈಟನ್ ಬುಕ್ಸ್ 2000ದಲ್ಲಿ ‘ಬ್ಲೇಡ್ ರನ್ನರ್: ದಿ ಇನ್‌ಸೈಡ್ ಸ್ಟೋರಿ’ ಹೆಸರಿನಲ್ಲಿ ಗಟ್ಟಿ ರಟ್ಟಿನ ಪುಸ್ತಕವಾಗಿ ಮರುಮುದ್ರಿಸಿದೆ. ಮೊದಲು ಅದರ ಬೆಲೆ ನೋಡು, ಆಮೇಲೆ ಪತ್ರಿಕೆಯ ಬೆನ್ನು ಹತ್ತು.

ಇಂತಿ ನಿನ್ನ ಗೆಳೆಯ